ಡೇರೆಯ ಮುಂದೆ ಹುಲಿ-ಕುರಿ

ಠಾಣೆ, ಡೊಂಬಿವಲಿ, ನವಿ ಮುಂಬಯಿಯ ನಮ್ಮ ಕನ್ನಡಿಗರ ಮನೆಗಳ ಮಕ್ಕಳು ಈಗ ರಜೆಗೆ ಊರಿಗಷ್ಟೇ ಹೋಗುವುದಿಲ್ಲ. ಕಲ್ಯಾಣದಿಂದ ಮುರಬಾಡ ದಾಟಿ ಮಾಳಶೇಜ್ ಘಾಟಿನ ಕಡೆ ಡೇರೆ ಹಾಕಲೂ ಹೊರಡುತ್ತಾರೆ. (ಮಳೆಗಾಲದಲ್ಲಿ ಬೇಡ, ಅಲ್ಲಿ ಗುಡ್ಡ ಕುಸಿಯುತ್ತದೆ.) ಮೊಬೈಲ್ ಸಿಗ್ನಲ್ ಹೋಯಿತೋ, ಮುಖಗಳು ಬಾಡುತ್ತವೆ. ಆಗ ಬೇಕಾಗುವುದು ಒಂದು ಚಪ್ಪಟೆ ಬಂಡೆ, ಒಂದು ತುಂಡು ಇದ್ದಿಲು.

ಬಂಡೆಯ ಮೇಲೆ ಹುಲಿ-ಕುರಿ ಆಟದ ಮನೆ ಗೀಚಿ. ತುದಿಯಿಂದ ಇಳಿಯುವ ಗೆರೆಗಳು, ಅವನ್ನು ಕಡಿಯುವ ಅಡ್ಡಗೆರೆಗಳು. 3 ದೊಡ್ಡ ಕಲ್ಲು ಹುಲಿ, 15 ಸಣ್ಣ ಕಲ್ಲು ಕುರಿ. ಹುಲಿ ಪಕ್ಕದ ಕುರಿಯನ್ನು ಹಾರಿ ಆಚೆಯ ಖಾಲಿ ಮನೆಗೆ ಇಳಿದರೆ ಕುರಿ ಹೋಯಿತು. ಕುರಿಗೆ ಹಾರುವಂತಿಲ್ಲ. ಒಂದರ ಬೆನ್ನಿಗೆ ಇನ್ನೊಂದು ನಿಂತು, ಹುಲಿಗಳು ಅಲುಗಾಡದಂತೆ ಕಟ್ಟಿಹಾಕಬೇಕು. ದಾಳವಿಲ್ಲ, ಅದೃಷ್ಟದ ಮಾತೇ ಇಲ್ಲ. ಹತ್ತು ವರ್ಷದ ಹುಡುಗಿ ಬ್ಯಾಂಕಿನಿಂದ ನಿವೃತ್ತರಾದ ಅಜ್ಜನನ್ನು ಸೋಲಿಸಬಹುದು. ನನಗಂತೂ ಕುರಿಗಳ ಪಕ್ಷವೇ ಇಷ್ಟ. ಹುಲಿ ಆಡುವವರಿಗೆ ಹಸಿವಿದ್ದರೆ ಸಾಕು, ಕುರಿ ಆಡುವವರಿಗೆ ಮುಂದಾಲೋಚನೆ ಬೇಕು.

ತುಳುನಾಡಿನ ಮೂಲದವರು ಗುಳಿಯಾಟದ ಚೆನ್ನೆಮಣೆಯನ್ನೂ ಹೊತ್ತೊಯ್ಯಬೇಕಿಲ್ಲ. ಮಣ್ಣಿನಲ್ಲಿ ಏಳೇಳು ಗುಳಿಗಳ ಎರಡು ಸಾಲು ತೋಡಿ, ಗುಳಿಗೆ ನಾಲ್ಕರಂತೆ 56 ಹುಣಸೆಬೀಜ ಹಾಕಿದರಾಯಿತು.

ಕತ್ತಲಾದ ಮೇಲೆ ಒಗಟು. ಉತ್ತರ ಬಾರದವರು ರಾತ್ರಿಯ ಪಾತ್ರೆ ತೊಳೆಯಬೇಕೆಂದು ಪಣ ಇಡಿ. ಕನ್ನಡ ಅರ್ಧಂಬರ್ಧ ಬರುವ ಮಕ್ಕಳು ಶಾಲೆಯಲ್ಲಿ ಕಲಿತ ಮರಾಠಿ ಒಗಟು ಹಾಕಿದರೂ ಬೇಡವೆನ್ನಬೇಡಿ. ಆಗ ಪಾತ್ರೆಯ ಮುಂದೆ ಕೂರುವವರು ಬಹುಶಃ ಊರಿಂದ ಬಂದ ಸೋದರಮಾವನೇ.