ಇಲ್ಲಿ ಕೇಳುವುದೂ ಅಲ್ಲಿ ಕೊಡುವುದೂ

ಮುಂಬಯಿಯ ಕನ್ನಡ ಬಂಧುಗಳೇ,

ಚೌಕಿಯಲ್ಲಿ ಮಕ್ಕಳು ಆಗಲೇ ಬಣ್ಣ ಹಚ್ಚಿಕೊಂಡು ಕೂತಿದ್ದಾರೆ. ಯಕ್ಷಗಾನ ತಡವಾದರೆ ನಿಮ್ಮ ಶಾಪ ನನಗೇ ತಟ್ಟುತ್ತದೆ. ನೇರ ವಿಷಯಕ್ಕೆ ಬರುತ್ತೇನೆ.

ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕಾರವಾರ ದಾಟಿತೋ, ಬಹುಸಂಖ್ಯಾತರಾಗಿದ್ದ ನಾವು ಅಲ್ಪಸಂಖ್ಯಾತರು. ಈ ಮಾತಿಗೆ ಸುಪ್ರೀಂ ಕೋರ್ಟಿನ ಮುದ್ರೆಯಿದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ಆಯಾ ರಾಜ್ಯದ ಲೆಕ್ಕದಲ್ಲೇ ತೀರ್ಮಾನಿಸಬೇಕು ಎಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿತು. ಆ ಮೊಕದ್ದಮೆ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನದು. ಮಣಿಪಾಲದಲ್ಲಿ ಕೊಂಕಣಿ ಮನೆಮಾತಿನವರು ಕಟ್ಟಿದ ಸಂಸ್ಥೆ ನಮ್ಮದೇ ಸರ್ಕಾರದ ಎದುರು ನಿಂತು ತಂದ ತೀರ್ಪು ಇವತ್ತು ಮುಂಬಯಿಯ ಕನ್ನಡಿಗನಿಗೂ ಆಸರೆ. ತೀರ್ಪು ಬಂದದ್ದು ಅಕ್ಟೋಬರ್ 31ರಂದು, ರಾಜ್ಯೋತ್ಸವದ ಹಿಂದಿನ ದಿನ!

ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ, ಶಾಲೆ ಕಟ್ಟಿ ನಡೆಸುವ ಹಕ್ಕನ್ನು ಸಂವಿಧಾನದ 29, 30ನೇ ವಿಧಿಗಳು ಕೊಟ್ಟಿವೆ. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ, ಗಡಿಯಾಚೆ ಉಳಿದವರ ಮಕ್ಕಳಿಗೆ ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಸೌಕರ್ಯ ಇರಲಿ ಎಂದು 350ಎ ವಿಧಿ ಸೇರಿತು. ಅದಕ್ಕೂ ಮೊದಲು, 1949ರಲ್ಲೇ, ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ಲೆಕ್ಕ ಹಾಕಿದ್ದರು: ಶಾಲೆಯಲ್ಲಿ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳು ಇದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕು.

ಈ ಹತ್ತರ ಲೆಕ್ಕದ ಮೇಲೆಯೇ ನನ್ನ ಕಣ್ಣು. ಒಂದು ಕಾಲಕ್ಕೆ ಫೋರ್ಟಿನ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ಸಂಜೆ ಒದ್ದೆ ಅಂಗಿಯಲ್ಲೇ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದರು. ಪಾಠದ ನಡುವೆ ತೂಕಡಿಸುತ್ತಿದ್ದರು, ಆದರೂ ಹಾಜರಿ ಪುಸ್ತಕ ತುಂಬಿರುತ್ತಿತ್ತು. ಅವರಲ್ಲಿ ಹಲವರು ಮುಂದೆ ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು, ಹೋಟೆಲಿನ ಧಣಿಗಳೂ ಆದರು. ಇಲ್ಲಿನ ಮಹಾನಗರಪಾಲಿಕೆ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿಕೊಂಡು ಬಂದಿದೆ. ಹಾಗಿದ್ದೂ ನಮ್ಮ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿದ್ದಾರೆ. ನಾನೇನೂ ಬೈಯಲು ಬಂದಿಲ್ಲ. ಯಾವ ಮಾಧ್ಯಮ ಎಂಬುದು ತಂದೆತಾಯಿಯ ಆಯ್ಕೆ ಎಂದು ಸುಪ್ರೀಂ ಕೋರ್ಟೇ 2014ರಲ್ಲಿ ಹೇಳಿದೆ, ಅದೂ ಕರ್ನಾಟಕ ಸರ್ಕಾರದ ಪ್ರಕರಣದಲ್ಲೇ. ಆದರೆ ಹತ್ತು ಒಂಬತ್ತಾದ ವರ್ಷ ಮೇಷ್ಟ್ರಿಗೆ ವರ್ಗ, ಮರುವರ್ಷ ಕೋಣೆಗೆ ಬೀಗ. ಆಮೇಲೆ ಯಾವ ವಿಧಿ ಹಿಡಿದುಕೊಂಡು ಯಾರ ಬಾಗಿಲು ತಟ್ಟುವುದು?

ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕಥೆ ಬೇರೆ. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಡತದಲ್ಲೇ ಉಳಿಯಿತು, ಅದಿರಲಿ. ಅಲ್ಲಿ ಮಕ್ಕಳಿದ್ದಾರೆ, ತರಗತಿ ಇದೆ. ಕನ್ನಡವೇ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದ ಪ್ರಸಂಗಗಳೂ ಇವೆ. ಭಿನ್ನರಾಶಿಯನ್ನು ತನಗೆ ಗೊತ್ತಿಲ್ಲದ ಭಾಷೆಯಲ್ಲಿ ಮೇಷ್ಟ್ರು ಹೇಗೆ ಕಲಿಸಿಯಾರು? ಪೋಷಕರು ಧರಣಿ ಕೂತರು, ಕೋರ್ಟಿಗೂ ಹೋದರು. ಅವರು ಮಾಡಿದ್ದು ಸರಿ.

ಅದು ಸರಿಯಾದರೆ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ, ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆಯವರು ನೂರಕ್ಕೆ 66ರಷ್ಟು. ಮಿಕ್ಕವರು ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ ಮನೆಗಳವರು. ಕಾಸರಗೋಡಿನ ಮಗುವಿಗೆ ಸಲ್ಲುವ ವಿಧಿಯೇ ಖಾನಾಪುರದ ಮರಾಠಿ ಮಗುವಿಗೂ ಕಲಬುರಗಿಯ ಉರ್ದು ಮಗುವಿಗೂ ಸಲ್ಲುತ್ತದೆ. ಅಲ್ಲಿಯ ಶಾಲೆಗೆ ಅವರ ಭಾಷೆಯ ಮೇಷ್ಟ್ರು ಇಲ್ಲದಿದ್ದರೆ ಅದೂ ಅನ್ಯಾಯವೇ.

ನೆಲದ ಭಾಷೆ ಕಲಿಯಿರಿ ಎನ್ನುವುದು ನ್ಯಾಯ. ಮಹಾರಾಷ್ಟ್ರ 2020ರಲ್ಲಿ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ ಮಾಡಿತು. ನಮ್ಮ ಮಕ್ಕಳು ಕಲಿಯುತ್ತಿದ್ದಾರೆ, ಚೆನ್ನಾಗಿಯೇ ಮಾತಾಡುತ್ತಾರೆ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎಂದು ಕೇಳುವುದೂ ಹಾಗೆಯೇ. ಆದರೆ “ನಮ್ಮ ಭಾಷೆ ಬಾರದಿದ್ದರೆ ಗಂಟುಮೂಟೆ ಕಟ್ಟು” ಎಂಬ ವಾಟ್ಸಾಪ್ ಸಂದೇಶ ಊರಿನಿಂದ ಬಂದಾಗ ಕೈತಟ್ಟುವ ಚಿತ್ರ ಹಾಕಿ ನಾಲ್ಕು ಗುಂಪಿಗೆ ದಾಟಿಸುತ್ತೇವಲ್ಲ, ಅದೇ ಮಾತನ್ನು ಯಾರಾದರೂ ನಮ್ಮ ಹೋಟೆಲಿನ ಗಲ್ಲಾದ ಮುಂದೆ ನಿಂತು ಮರಾಠಿಯಲ್ಲಿ ಹೇಳಿದರೆ ಎದೆ ಝಲ್ಲೆನ್ನುವುದಿಲ್ಲವೇ?

ಇನ್ನು ಮಾಡಬೇಕಾದ ಕೆಲಸ. ಭಾಷಾ ಅಲ್ಪಸಂಖ್ಯಾತರೆನಿಸಲು ಆಡುಮಾತು ಬೇರೆಯಾಗಿದ್ದರೆ ಸಾಕು, ಸ್ವಂತ ಲಿಪಿ ಇರಲೇಬೇಕೆಂದಿಲ್ಲ ಎಂದು 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ತೀರ್ಪಾಗಿದೆ. ಆದ್ದರಿಂದ ಜನಗಣತಿಯವರು ಬಂದಾಗ ತುಳು ಮನೆಯವರು ಮಾತೃಭಾಷೆ ತುಳು ಎಂದೇ ಬರೆಸಿ, ಬಲ್ಲ ಇತರ ಭಾಷೆಗಳಲ್ಲಿ ಕನ್ನಡವನ್ನು ಸೇರಿಸಿ. ಕನ್ನಡ ಮನೆಯವರು ಅವಸರದಲ್ಲಿ ಹಿಂದಿ ಎಂದು ಬರೆಸಬೇಡಿ. ನಮ್ಮ ಸಂಘದವರಲ್ಲಿ ಒಂದು ಬೇಡಿಕೆ: ಜೂನ್‌ಗೆ ಮುಂಚೆ ಹತ್ತಿರದ ಕನ್ನಡ ಶಾಲೆಗೆ ಹೋಗಿ, ಯಾವ ತರಗತಿಯಲ್ಲಿ ಮಕ್ಕಳು ಹತ್ತಕ್ಕಿಂತ ಕಡಿಮೆ ಎಂದು ಕೇಳಿಕೊಂಡು ಬನ್ನಿ. ಸುತ್ತಲಿನ ಹೋಟೆಲು, ಕಟ್ಟಡ ಕೆಲಸಗಾರರ ಮನೆಗಳಲ್ಲಿ ಆ ವಯಸ್ಸಿನ ಕನ್ನಡದ ಮಕ್ಕಳಿದ್ದಾರೆ. ಅವರನ್ನು ಕರೆದೊಯ್ದು ಹೆಸರು ಬರೆಸಿ.