ಸತ್ತ ಮಂಗ ಹೇಳುವ ಸುದ್ದಿ

ಹೆಬ್ಬಾಳದ ಪಶುವೈದ್ಯ ಕಾಲೇಜಿನ ಮುಂದೆ ಓಡಾಡುವ ನಿಮಗೆ, ದನಕರುಗಳಿಗೆ ಕಾಯಿಲೆ ಬಂದರೆ ಪರೀಕ್ಷಿಸಿ ನೋಡುವವರಿದ್ದಾರೆಂಬುದು ಗೊತ್ತಷ್ಟೆ. ಆದರೆ ಯಾರೂ ಸಾಕದ ಪ್ರಾಣಿ ಕಾಡಿನಲ್ಲಿ ಸತ್ತುಬಿದ್ದರೆ ಏಕೆಂದು ವಿಚಾರಿಸಬೇಕೆ? ವಿಚಾರಿಸಲೇಬೇಕೆಂಬುದಕ್ಕೆ ನಮ್ಮ ಮಲೆನಾಡಿನಲ್ಲಿಯೇ ನಿದರ್ಶನವುಂಟು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸಾಯತೊಡಗಿದವು. ಅದೇ ಸಮಯದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ, ಸೌದೆ ಸೊಪ್ಪಿಗೆಂದು ಕಾಡಿಗೆ ಹೋಗಿಬಂದವರು ಜ್ವರದಿಂದ ಮಲಗಿದರು. ಕೆಲವರು ಮತ್ತೆ ಏಳಲಿಲ್ಲ. ವಿಷಮಶೀತ ಜ್ವರವಿರಬೇಕೆಂದು ಮೊದಲು ಊಹಿಸಿದರು. ಮಂಗಗಳೂ ಸಾಯುತ್ತಿವೆಯೆಂದು ತಿಳಿದಾಗ, ಭಾರತ ಎಂದೂ ಕಾಣದ ಹಳದಿ ಜ್ವರ ಬಂದಿತೇನೋ ಎಂಬ ಆತಂಕ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗಗಳನ್ನೂ, ರೋಗಿಗಳ ರಕ್ತವನ್ನೂ, ಕಾಡಿನ ಉಣ್ಣೆಗಳನ್ನೂ ಪರೀಕ್ಷಿಸಿದರು. ಎರಡು ಊಹೆಗಳೂ ಸುಳ್ಳಾದವು. ಸಿಕ್ಕಿದ್ದು ಹೊಸದೊಂದು ವೈರಸ್. ಅದನ್ನು ಹರಡುತ್ತಿದ್ದುದು ಉಣ್ಣೆ. ಜನ ಇದನ್ನು ಮಂಗನ ಕಾಯಿಲೆ ಎಂದು ಕರೆದರೂ ಮಂಗವೂ ನಮ್ಮಂತೆಯೇ ರೋಗಿ, ದೋಷಿಯಲ್ಲ.

ದೂರದ ಹಿಮಸಾಗರದಲ್ಲಿಯೂ ಇಂಥದೇ ವಿಚಾರಣೆ ನಡೆದಿದೆ. 2011ರಲ್ಲಿ ಅಲಾಸ್ಕದ ತೀರದಲ್ಲಿ ಸೀಲ್‌ಗಳು ಮೈತುಂಬ ಹುಣ್ಣಾಗಿ, ಕೂದಲುದುರಿ ಸತ್ತವು. ಆ ವರ್ಷವೇ ಜಪಾನಿನ ಫುಕುಷಿಮಾ ಅಣುಸ್ಥಾವರದ ಅಪಘಾತವಾಗಿದ್ದುದರಿಂದ ವಿಕಿರಣದ ಮೇಲೆಯೂ ಸಂಶಯ ಬಂದಿತು. ಪರೀಕ್ಷೆ ಅದನ್ನು ಸಮರ್ಥಿಸಲಿಲ್ಲ. ಖಚಿತವಾದ ಬೇರೆ ಕಾರಣವೂ ಸಿಕ್ಕಲಿಲ್ಲ. ಹಾಗೆಂದು ಶ್ರಮ ವ್ಯರ್ಥವೇ? ಆ ಸೀಲ್‌ಗಳನ್ನೇ ಬೇಟೆಯಾಡಿ ಉಣ್ಣುವ ಜನಕ್ಕೆ, ಯಾವುದು ಕಾರಣವಲ್ಲ ಎಂದು ತಿಳಿಯುವುದೂ ದೊಡ್ಡ ಸಮಾಧಾನವೇ.

ನಮ್ಮ ಕಾಡಿನ ಉತ್ತರವಂತೂ ಸ್ಪಷ್ಟವಾಗಿದೆ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣ್ಣೆಗಳು ಇಳಿದು ನೆಲವನ್ನು ಸೇರುತ್ತವೆ. ಆ ಜಾಗವೇ ಅಪಾಯದ ಜಾಗ. ಈ ಕಾಯಿಲೆಯ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಬೇಸಗೆ ರಜಕ್ಕೆ ಮಲೆನಾಡಿನ ನಂಟರ ಮನೆಗೆ ಮಕ್ಕಳನ್ನು ಕರೆದೊಯ್ಯುವವರು ಇದನ್ನು ನೆನಪಿನಲ್ಲಿಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಮರುಕದಿಂದ ಮಣ್ಣುಮಾಡಲೂ ಹೊರಡಬೇಡಿ. ಅರಣ್ಯದವರಿಗೋ ಆಸ್ಪತ್ರೆಗೋ ಆ ದಿನವೇ ತಿಳಿಸಿ. ಕಾಡಿಗೆ ಹೋಗಿಬಂದವರಿಗೆ ಜ್ವರ ಕಾಣಿಸಿದರೆ, ಹೋದ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಿ. ಸತ್ತ ಮಂಗದ ಸುದ್ದಿ ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಒಂದು ಮನೆಯ ದೀಪ ಉಳಿದೀತು.