ಅರ್ಧ ದಿನದ ಶಾಲೆ



2020ರ ಮಾರ್ಚ್‌ನಲ್ಲಿ ಕೊರೊನಾ ಮುಚ್ಚಿಸಿದ ಶಾಲೆಯ ಬಾಗಿಲು, ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಾಡಿನೆಲ್ಲೆಡೆಯಂತೆ ನಮ್ಮ ದೊಡ್ಡಹುಣಸೆ ಮರಗಳ ಊರು ಸವಣೂರಿನಲ್ಲೂ ಮೊದಲ ವಾರ ಅರ್ಧ ದಿನದ ಪಾಠ. ಬಾಯಿಗೆ ಮಾಸ್ಕು, ಕೈಯಲ್ಲಿ ಪಾಲಕರ ಒಪ್ಪಿಗೆ ಪತ್ರ. 2020ರಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿದ ಎಷ್ಟೋ ಮಕ್ಕಳು ತರಗತಿಯ ಕೋಣೆಯನ್ನು ಮೊದಲು ಕಂಡದ್ದೇ ಎರಡನೆಯ ತರಗತಿಗೆ ಬಂದ ಮೇಲೆ!

ಶಾಲೆ ಮುಚ್ಚಿದ್ದ ನಡುವೆ ‘ವಿದ್ಯಾಗಮ’ ಯೋಜನೆ ಬಂದಿತ್ತು. ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳು ಹುಡುಕಿಕೊಂಡು ಹೋಗಿ ಕಲಿಸಿದರು. ಸೋಂಕಿನ ಭಯಕ್ಕೆ 2020ರ ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಅರ್ಧ ದಿನದ ಶಾಲೆ ನಮಗೊಂದು ಸತ್ಯ ತೋರಿಸಿತು. ಉಳಿದರ್ಧ ದಿನವೂ, ಅದಕ್ಕೂ ಮೊದಲು ಶಾಲೆ ಮುಚ್ಚಿದ್ದ ದಿನಗಳೂ ಎಲ್ಲ ಮಕ್ಕಳಿಗೂ ಒಂದೇ ಆಗಿರಲಿಲ್ಲ. ಫೋನು, ಓದಿಸುವವರು ಇದ್ದ ಮನೆಯಲ್ಲಿ ಕಲಿಕೆ ಸಾಗಿತು. ಅಪ್ಪ ಅವ್ವ ಕೂಲಿಗೆ ಹೋದ ಮನೆಯಲ್ಲಿ ಅಕ್ಷರವೇ ಮರೆತುಹೋಯಿತು. ಶಾಲೆಯೆಂದರೆ ಈ ಅಂತರವನ್ನು ತಗ್ಗಿಸುವ ಜಾಗ.

ಹಿಂದುಳಿದ ಕಲಿಕೆಯನ್ನು ಸರಿದೂಗಿಸಲು ರಾಜ್ಯ ಸರ್ಕಾರ 2022ರಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ತಂದಿತು. ಆದರೆ ಚೇತರಿಕೆ ಒಂದು ವರ್ಷದ ಕೆಲಸವಲ್ಲ. ಓದು ಬಲ್ಲವರು ಇಂದು ಸಂಜೆ ಓಣಿಯ ಒಂದು ಮಗುವನ್ನು ಕರೆದು ಓದಿಸೋಣ. ತಪ್ಪಿದರೆ ಗದರದೆ ತಿದ್ದೋಣ.